ಕವರ್ ಮೇಲೆ ಹೆಸರೇ ಇಲ್ಲ, ಯಾಕೆ?

ಪ್ರಶ್ನೆ: ಹಳೇ ರೆಕಾರ್ಡ್ ಮಾರುವ ಅಂಗಡಿಯೊಂದರಲ್ಲಿ ‘ಲೈಲಾ’ ಆಲ್ಬಮ್ ನೋಡಿದೆ ಸರ್. ಗಿಟಾರ್ ನುಡಿಸಿರುವುದು ಎರಿಕ್ ಕ್ಲಾಪ್ಟನ್ ಅಂತ ಅಂಗಡಿಯವರು ಹೇಳಿದರು. ಆದರೆ ಮುಂದಿನ ಕವರ್ ಮೇಲೆ ಬರೀ ಒಂದು ಹುಡುಗಿಯ ಚಿತ್ರ. ಅವರ ಹೆಸರೂ ಇಲ್ಲ, ಬ್ಯಾಂಡ್ ಹೆಸರೂ ಇಲ್ಲ. ಅಷ್ಟು ದೊಡ್ಡ ಕಲಾವಿದ ಹೊಸ ಬ್ಯಾಂಡ್ ಕಟ್ಟಿ ಆಲ್ಬಮ್ ಮಾಡುವಾಗ ಹೆಸರು ಯಾಕೆ ಬೇಡ ಅಂದರು?
– ಓದುಗರೊಬ್ಬರು, ಕ್ಯಾತ್ಸಂದ್ರ

ಉತ್ತರ: ಬೇಕು ಅಂತಲೇ ಬಿಟ್ಟರು. ಅದು 1970. ಕ್ಲಾಪ್ಟನ್‌ಗೆ 25 ವರ್ಷ. ಕ್ರೀಮ್ ಅನ್ನುವ ಬ್ಯಾಂಡಿನಿಂದ ಹೆಸರು ಬಂತು, 1968ರಲ್ಲಿ ಅದು ಒಡೆಯಿತು. ಆಮೇಲೆ ಬ್ಲೈಂಡ್ ಫೇತ್ ಕಟ್ಟಿದರು, ಅದು 1969ರಲ್ಲೇ ಮುಗಿದುಹೋಯಿತು. ಅಷ್ಟರಲ್ಲಾಗಲೇ ಲಂಡನ್ನಿನ ಗೋಡೆಗಳ ಮೇಲೆ ‘ಕ್ಲಾಪ್ಟನ್ ದೇವರು’ ಅಂತ ಅಭಿಮಾನಿಗಳು ಬರೆದಾಗಿತ್ತು. ಆ ವಯಸ್ಸಿನ ಹುಡುಗನಿಗೆ ಅದು ಎಂಥ ಭಾರ, ನೀವೇ ಯೋಚಿಸಿ. ಏನು ನುಡಿಸಿದರೂ ಚಪ್ಪಾಳೆ ಬೀಳುತ್ತದೆ, ಚೆನ್ನಾಗಿತ್ತೋ ಇಲ್ಲವೋ ಹೇಳುವವರಿಲ್ಲ.

ಹಾಗಾಗಿ ಕೀಬೋರ್ಡಿಗೆ ಬಾಬಿ ವಿಟ್‌ಲಾಕ್, ಬಾಸ್‌ಗೆ ಕಾರ್ಲ್ ರೇಡಲ್, ಡ್ರಮ್ಸ್‌ಗೆ ಜಿಮ್ ಗಾರ್ಡನ್ ಅವರನ್ನು ಕೂಡಿಸಿಕೊಂಡು, ‘ಡೆರೆಕ್ ಆ್ಯಂಡ್ ದ ಡಾಮಿನೋಸ್’ ಅಂತ ಹೆಸರಿಟ್ಟು, ಇಂಗ್ಲೆಂಡಿನ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ನುಡಿಸುತ್ತಾ ಹೊರಟರು. ಜಾಹೀರಾತಿನಲ್ಲಿ ಕ್ಲಾಪ್ಟನ್ ಅಂತ ಹಾಕುವ ಹಾಗಿಲ್ಲ, ಟಿಕೆಟ್ಟಿಗೆ 1 ಪೌಂಡಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ.

ಆದರೆ ಈ ಆಲ್ಬಮ್ ಇಷ್ಟು ಚೆನ್ನಾಗಿ ಬಂದಿದ್ದಕ್ಕೆ ನನ್ನ ಪ್ರಕಾರ ಕಾರಣ ಬೇರೆ. ಅಮೆರಿಕದ ಮಯಾಮಿಯ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಶುರುವಾಗಿತ್ತು. ಆಗಸ್ಟ್ 26ರ ರಾತ್ರಿ ನಿರ್ಮಾಪಕ ಟಾಮ್ ಡೌಡ್ ಇವರನ್ನೆಲ್ಲ ಆಲ್‌ಮನ್ ಬ್ರದರ್ಸ್ ಅನ್ನುವ ಬ್ಯಾಂಡಿನ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದರು. ಅಲ್ಲಿ ಡ್ವೇನ್ ಆಲ್‌ಮನ್ ಅನ್ನುವ 23 ವರ್ಷದ ಹುಡುಗ, ಖಾಲಿ ಮಾತ್ರೆ ಸೀಸೆಯೊಂದನ್ನು ಬೆರಳಿಗೆ ಹಾಕಿಕೊಂಡು ತಂತಿ ಮೇಲೆ ಜಾರಿಸುತ್ತಾ ನುಡಿಸುತ್ತಿದ್ದ. ಅದಕ್ಕೆ ಸ್ಲೈಡ್ ಅನ್ನುತ್ತಾರೆ. ಅವತ್ತು ರಾತ್ರಿಯೇ ಎರಡೂ ಬ್ಯಾಂಡಿನವರು ಸ್ಟುಡಿಯೋಗೆ ಬಂದು ಬೆಳಗಿನವರೆಗೆ ನುಡಿಸಿದರು. ಕ್ಲಾಪ್ಟನ್ ಅವನನ್ನು ಅಲ್ಲೇ ಉಳಿಸಿಕೊಂಡರು. ತನ್ನ ಆಲ್ಬಮ್‌ಗೆ ತನ್ನಷ್ಟೇ ಗಟ್ಟಿಗನಾದ ಇನ್ನೊಬ್ಬ ಗಿಟಾರ್ ವಾದಕನನ್ನು ಕರೆಯುವುದು ಸುಮ್ನೆ ಮಾತಲ್ಲ.

ಇದನ್ನು ನೀವು ಕಿವಿಯಲ್ಲೇ ಪರೀಕ್ಷೆ ಮಾಡಬಹುದು. ಆಲ್ಬಮ್‌ನಲ್ಲಿ 14 ಹಾಡು. ಮೊದಲ ಮೂರರಲ್ಲಿ ಡ್ವೇನ್ ಇಲ್ಲ. ನಾಲ್ಕನೆಯದರಿಂದ ಇದ್ದಾನೆ. ಮೊದಲ ಮೂರೂ ಒಳ್ಳೆಯ ಹಾಡುಗಳೇ, ಎರಡನೆಯದಾದ ‘ಬೆಲ್ ಬಾಟಮ್ ಬ್ಲೂಸ್’ ಅಂತೂ ನನಗೆ ಪ್ರಾಣ. ಆದರೆ ನಾಲ್ಕನೆಯದು ಬಂದ ತಕ್ಷಣ ಕ್ಲಾಪ್ಟನ್ ನುಡಿಸುವ ರೀತಿಯೇ ಬದಲಾಗುತ್ತದೆ. ಪಕ್ಕದಲ್ಲಿ ಒಬ್ಬ ಕೇಳಿಸಿಕೊಳ್ಳುತ್ತಿದ್ದಾನೆ, ಉತ್ತರ ಕೊಡುತ್ತಾನೆ ಅನ್ನುವ ಎಚ್ಚರ ಬೆರಳಿಗೆ ಬಂದ ಹಾಗೆ. ‘ಲೈಲಾ’ ಹಾಡಿನ ಶುರುವಿನಲ್ಲಿ ಬರುವ ಗಿಟಾರ್ ತುಣುಕು ಇದೆಯಲ್ಲ, ಲೋಕವೆಲ್ಲ ಗುನುಗುವಂಥದ್ದು, ಅದನ್ನು ಕೊಟ್ಟವನೂ ಡ್ವೇನ್. ಆಲ್ಬರ್ಟ್ ಕಿಂಗ್ ಅವರ ನಿಧಾನದ ಬ್ಲೂಸ್ ಹಾಡೊಂದರ ಸಾಲನ್ನು ಜೋರು ಓಟಕ್ಕೆ ತಂದ. ಹಾಡಿನ ಹೆಸರು ನಮಗೆಲ್ಲ ಗೊತ್ತಿರುವ ಲೈಲಾ–ಮಜ್ನೂ ಕಥೆಯಿಂದಲೇ ಬಂದದ್ದು. 12ನೇ ಶತಮಾನದ ಪರ್ಷಿಯನ್ ಕವಿ ನಿಜಾಮಿಯ ಕಾವ್ಯ ಓದಿದ ಕ್ಲಾಪ್ಟನ್, ಗೆಳೆಯ ಜಾರ್ಜ್ ಹ್ಯಾರಿಸನ್ ಪತ್ನಿ ಪ್ಯಾಟಿ ಬಾಯ್ಡ್ ಮೇಲಿನ ತನ್ನ ಪ್ರೀತಿಯನ್ನು ಆ ಹೆಸರಿನಲ್ಲಿ ಹಾಡಿಕೊಂಡರು.

ಪ್ರಶ್ನೆ: ನಾಟಕ ಕಂಪನಿ ಕಾಲದಲ್ಲಿ ಜನ ನಟರ ಹೆಸರು ನೋಡಿಯೇ ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಅಂತ ನಮ್ಮ ತಾತ ಹೇಳುತ್ತಿದ್ದರು. ಕ್ಲಾಪ್ಟನ್ ಹೆಸರಿಲ್ಲದ ಆ ಆಲ್ಬಮ್ ಮಾರಾಟ ಆಯಿತಾ?
– ಓದುಗರೊಬ್ಬರು, ಗುಬ್ಬಿ

ಉತ್ತರ: 1884ರಲ್ಲಿ ಕಂಪನಿ ಕಟ್ಟಿದ ಊರಿನವರು ನೀವು, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಿಮ್ಮ ತಾತ ಹೇಳಿದ್ದು ನಿಜ. 1970ರ ನವೆಂಬರಿನಲ್ಲಿ ಆ ಆಲ್ಬಮ್ ಬಂದಾಗ ಅಮೆರಿಕದ ಮಾರಾಟದ ಪಟ್ಟಿಯಲ್ಲಿ 16ನೇ ಸ್ಥಾನಕ್ಕೆ ನಿಂತಿತು. ಕ್ಲಾಪ್ಟನ್ ಅವರ ಸ್ವಂತ ದೇಶದಲ್ಲಿ ಪಟ್ಟಿಗೇ ಬರಲಿಲ್ಲ. ಡೆರೆಕ್ ಯಾರು ಅಂತಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಕೊನೆಗೆ ರೆಕಾರ್ಡ್ ಕಂಪನಿಯವರು ‘ಡೆರೆಕ್ ಅಂದರೆ ಎರಿಕ್’ ಅಂತ ಬಿಲ್ಲೆ ಮಾಡಿಸಿ ಹಂಚಬೇಕಾಯಿತು. 1972ರಲ್ಲಿ ‘ಲೈಲಾ’ ಹಾಡನ್ನು ಪೂರ್ತಿ ಏಳು ನಿಮಿಷದ ಉದ್ದದಲ್ಲೇ ಮತ್ತೆ ಬಿಟ್ಟಾಗ ಮಾತ್ರ ಅದು ಬ್ರಿಟನ್ನಿನಲ್ಲಿ 7ನೇ, ಅಮೆರಿಕದಲ್ಲಿ 10ನೇ ಸ್ಥಾನಕ್ಕೆ ಏರಿತು. ಅಷ್ಟು ಹೊತ್ತಿಗೆ ಬ್ಯಾಂಡೇ ಇರಲಿಲ್ಲ.

ಪ್ರಶ್ನೆ: ಅಣ್ಣ, ಆರು ವರ್ಷದಿಂದ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದೇನೆ. ಈಗ ಹೊಸ ಬ್ಯಾಂಡ್ ಸೇರಿದ್ದೇನೆ, ನಮ್ಮದೇ ಆರು ಹಾಡು ರೆಕಾರ್ಡ್ ಮಾಡಬೇಕು ಅಂತಿದ್ದೇವೆ. ಇಲ್ಲಿ ಇನ್ನೊಬ್ಬ ಗಿಟಾರ್ ಹುಡುಗ ಇದ್ದಾನೆ, ನನಗಿಂತ ಚೆನ್ನಾಗಿ ನುಡಿಸುತ್ತಾನೆ. ನಾನು ನುಡಿಸಿದ್ದು ಕೇಳಿಸುವುದೇ ಇಲ್ಲ. ಬಿಟ್ಟುಬಿಡಲಾ?
– ಓದುಗರೊಬ್ಬರು, ಬಟವಾಡಿ

ಉತ್ತರ: ಬಿಡಬೇಡಿ! ಇಂಥ ಜೊತೆ ಎಲ್ಲರಿಗೂ ಸಿಗುವುದಿಲ್ಲ.

ಕೇಳಿಸುವುದಿಲ್ಲ ಅನ್ನುವುದಕ್ಕೆ ಸಾಮಾನ್ಯವಾಗಿ ಕಾರಣ ಒಂದೇ. ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಒಂದೇ ಹೊತ್ತಿಗೆ ಬಾರಿಸುತ್ತಿರುತ್ತೀರಿ. ಅವನು ಕೆಳಗಿನ ಫ್ರೆಟ್ಟುಗಳಲ್ಲಿ (ಗಿಟಾರ್ ಕತ್ತಿನ ಮೇಲಿನ ಪಟ್ಟಿಗಳು) ಕಾರ್ಡ್ ಹಿಡಿದರೆ ನೀವು ಕೇಪೋ (ಕತ್ತಿಗೆ ಬಿಗಿಯುವ ಕ್ಲಿಪ್ಪು) ಹಾಕಿಕೊಂಡು ಮೇಲೆ ಹೋಗಿ. ಅವನು ತುಂಬಿಸಿ ನುಡಿಸಿದರೆ ನೀವು ಎರಡೇ ತಂತಿಯಲ್ಲಿ ಬಿಡಿಬಿಡಿಯಾಗಿ ನುಡಿಸಿ. ಹಾಡುವವರು ಹಾಡುವಾಗ ಇಬ್ಬರಲ್ಲಿ ಒಬ್ಬರಾದರೂ ಕೈ ಕಟ್ಟಿಕೊಂಡಿರಿ. ಆರ್ಕೆಸ್ಟ್ರಾದಲ್ಲಿ ಇದು ರೂಢಿಯಾಗಿರುವುದಿಲ್ಲ, ಅಲ್ಲಿ ರೆಕಾರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ನುಡಿಸಿದರೆ ಸಾಕು. ಸ್ವಂತ ಹಾಡಿಗೆ ಜಾಗ ನೀವೇ ಮಾಡಿಕೊಡಬೇಕು.

ಈ ಸಲ ರಾಮನವಮಿ ಕಚೇರಿಗೆ ಹೋದರೆ ತನಿ ಆವರ್ತನದ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಹೊತ್ತಿಗೆ ಎದ್ದು ಬರಬೇಡಿ. ಮೃದಂಗದವರು ನುಡಿಸುವಾಗ ಘಟದವರ ಮುಖ ನೋಡಿ. ಕೈ ತೊಡೆ ಮೇಲಿರುತ್ತದೆ, ತಾಳ ಹಾಕುತ್ತಾ ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಅದನ್ನೇ ಹಿಡಿದು ಬೇರೆ ಥರ ಉತ್ತರ ಕೊಡುತ್ತಾರೆ, ಹೀಗೆ ಸರದಿ ಚಿಕ್ಕದಾಗುತ್ತಾ ಆಗುತ್ತಾ ಕೊನೆಗೆ ಇಬ್ಬರೂ ಕೂಡಿ ಮುಕ್ತಾಯ ನುಡಿಸುತ್ತಾರೆ. ಕ್ಲಾಪ್ಟನ್ ಮತ್ತು ಡ್ವೇನ್ ಮಾಡಿದ್ದೂ ಅದನ್ನೇ.

ಇನ್ನೊಂದು ವಿಷಯ. ದೊಡ್ಡ ಆ್ಯಂಪ್ (ಗಿಟಾರಿನ ದನಿ ಏರಿಸುವ ಪೆಟ್ಟಿಗೆ) ಬಾಡಿಗೆಗೆ ತಂದು ದುಡ್ಡು ಕಳೆಯಬೇಡಿ. ಅವರಿಬ್ಬರೂ ಮಯಾಮಿಯಲ್ಲಿ ಬಳಸಿದ್ದು ಫೆಂಡರ್ ಚಾಂಪ್ ಅನ್ನುವ ಪುಟ್ಟ ಆ್ಯಂಪ್. ಚಿಕ್ಕ ಆ್ಯಂಪಿನ ವಾಲ್ಯೂಮ್ ಪೂರ್ತಿ ಏರಿಸಿದರೆ ಆ ಗಡಸು ದನಿ ತಾನಾಗಿ ಬರುತ್ತದೆ, ಕೋಣೆಯಲ್ಲಿ ಡ್ರಮ್ಸ್ ಮುಳುಗುವುದಿಲ್ಲ. ಹಾಡು ಮುಗಿದ ಮೇಲೆ ಕಳಿಸಿ, ನನಗೆ ಕೇಳುವ ಆಸೆ ಇದೆ.

ಪ್ರಶ್ನೆ: ಕನ್ನಡದಲ್ಲಿ ಹೀಗೆ ಹೊಸ ತಂಡ ಕಟ್ಟಿ ಗೆದ್ದವರು ಯಾರು?
– ಓದುಗರೊಬ್ಬರು, ಶಿರಾ

ಉತ್ತರ: ರಘು ದೀಕ್ಷಿತ್. ಮೊದಲು ಅಂತರಾಗ್ನಿ ತಂಡದಲ್ಲಿದ್ದರು, ಆಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್ ಕಟ್ಟಿ 2008ರಲ್ಲಿ ಆಲ್ಬಮ್ ತಂದರು. ಅದರಲ್ಲಿ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆ. ಗಿಟಾರ್ ಹಿಡಿದು ಷರೀಫರನ್ನು ಹಾಡಬಹುದು ಅಂತ ಎಷ್ಟೋ ಹುಡುಗರಿಗೆ ಧೈರ್ಯ ಬಂದದ್ದು ಅಲ್ಲಿಂದ.

ಪ್ರಶ್ನೆ: ‘ಲೈಲಾ’ ಆದ ಮೇಲೆ ಆ ಬ್ಯಾಂಡ್ ಇನ್ನೊಂದು ಆಲ್ಬಮ್ ಯಾಕೆ ಮಾಡಲಿಲ್ಲ?
– ಓದುಗರೊಬ್ಬರು, ಮಧುಗಿರಿ

ಉತ್ತರ: ಶುರು ಮಾಡಿದ್ದರು. 1971ರಲ್ಲಿ ಕೆಲವು ಹಾಡು ರೆಕಾರ್ಡ್ ಆಗುವಷ್ಟರಲ್ಲಿ ಜಗಳವಾಯಿತು, ಮಾದಕ ವಸ್ತುಗಳ ಹಾವಳಿಯೂ ಇತ್ತು, ಅರ್ಧಕ್ಕೇ ನಿಂತಿತು. ಡ್ವೇನ್ ಅಷ್ಟರಲ್ಲಿ ತನ್ನ ಆಲ್‌ಮನ್ ಬ್ರದರ್ಸ್ ಬ್ಯಾಂಡಿಗೆ ವಾಪಸ್ ಹೋಗಿದ್ದ. ಅದೇ ವರ್ಷ ಅಕ್ಟೋಬರ್ 29ರಂದು ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ 24 ವರ್ಷ, ತುಂಬಿ 25 ಆಗಲು ಮೂರು ವಾರ ಬಾಕಿ ಇತ್ತು. ‘ಲೈಲಾ’ ಹಾಡಿನ ಕೊನೆಯಲ್ಲಿ ಪಿಯಾನೋ ನಿಲ್ಲುವಾಗ ಹಕ್ಕಿ ಕೂಗಿದ ಹಾಗೆ ಒಂದು ದನಿ ಬರುತ್ತದೆ. ಅದು ಅವನ ಸ್ಲೈಡ್. ಹಾಡು ಮುಗಿಯಿತು ಅಂತ ಬೇಗ ಆಫ್ ಮಾಡಬೇಡಿ, ಅದನ್ನು ಕೇಳಿ.