ಎಷ್ಟು ಜಾಸ್ತಿ ಬೇಕು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮತದಾನ ಇದೆಯಾ?

ಇದೆ. ಮಾಮೂಲಿ ಮತದಾನದಲ್ಲಿ ಒಂದು ವಿಷಯಕ್ಕೆ ಪ್ರಾಣ ಬಿಡುವವರದ್ದೂ ಒಂದೇ ಮತ, ಸುಮ್ನೆ ಕೈ ಎತ್ತಿದವರದ್ದೂ ಒಂದೇ ಮತ, ಅಲ್ವಾ? ಇದಕ್ಕೆ ನನಗೆ ಹಿಡಿಸಿದ ಮದ್ದು ಕ್ವಾಡ್ರಾಟಿಕ್ ವೋಟಿಂಗ್. ಎಲ್ಲರಿಗೂ ಸಮನಾಗಿ ಟೋಕನ್ ಕೊಡುತ್ತಾರೆ. ಒಂದು ವಿಷಯಕ್ಕೆ 1 ಮತ ಹಾಕಲು 1 ಟೋಕನ್, 2 ಮತಕ್ಕೆ 4, 3 ಮತಕ್ಕೆ 9, ಹೀಗೆ ಏರುತ್ತಾ 10 ಮತ ಬೇಕೆಂದರೆ ಪೂರ್ತಿ 100 ಟೋಕನ್ ಖರ್ಚು. ಹಟ ಹಿಡಿಯಬಹುದು, ಆದರೆ ಹಟ ದುಬಾರಿ.

ಸುಮ್ನೆ ಪುಸ್ತಕದ ಮಾತಲ್ಲ ಇದು. 2019ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಕೆಳಮನೆಯ ಡೆಮಾಕ್ರಟಿಕ್ ಸದಸ್ಯರು ತಲಾ 100 ಟೋಕನ್ ಹಂಚಿಕೊಂಡು, ದುಡ್ಡು ಬೇಡುತ್ತಿದ್ದ ನೂರಕ್ಕೂ ಹೆಚ್ಚು ಮಸೂದೆಗಳಲ್ಲಿ ಯಾವುದು ಮೊದಲು ಅಂತ ಹೀಗೇ ನೋಡಿದರು, ಯಾಕೆಂದರೆ ಬಾಯಿಮಾತಲ್ಲಿ ಕೇಳಿದರೆ ಎಲ್ಲರಿಗೂ ಅವರವರ ಮಸೂದೆಯೇ ಮುಖ್ಯ. ಸಮಾನ ಕೆಲಸಕ್ಕೆ ಸಮಾನ ವೇತನದ ಮಸೂದೆ ಮೊದಲ ಸ್ಥಾನಕ್ಕೆ ಬಂತು.

ತೊಂದರೆಯೂ ಇದೆ. ಒಬ್ಬರೇ 100 ಟೋಕನ್ ಸುರಿದರೆ 10 ಮತ. ಅದನ್ನೇ ನಾಲ್ಕು ಜನ ತಲಾ 25ರಂತೆ ಹಾಕಿದರೆ ತಲಾ 5, ಒಟ್ಟು 20 ಮತ! ಹಾಗಾಗಿ ಒಳಒಪ್ಪಂದ, ನಕಲಿ ಹೆಸರು ಇದ್ದಲ್ಲಿ ಇದು ಕೆಡುತ್ತದೆ. ಒಳಒಪ್ಪಂದ ತಪ್ಪಿಸಲು ಗುಟ್ಟಾಗಿ ಮತ ಹಾಕಿಸಬಹುದು, ಆದರೆ ಕೊಲೊರಾಡೊದ ಈ ಬಗೆಯ ಗುಟ್ಟಿನ ಮತದಾನ ಬಹಿರಂಗ ಸಭೆಗಳ ಕಾನೂನಿಗೆ ವಿರುದ್ಧ ಎಂದು 2024ರಲ್ಲಿ ಡೆನ್ವರ್‌ನ ನ್ಯಾಯಾಧೀಶರೊಬ್ಬರು ತೀರ್ಪು ಕೊಟ್ಟರು.