ಎರೆ ಮಣ್ಣಿನ ಸೈಟಿನಲ್ಲಿ ಮನೆಗೆ ಎಷ್ಟು ಅಡಿ ಪಾಯ ತೆಗೆಯಬೇಕು?

ಅಣ್ಣಿಗೇರಿ ಹತ್ತಿರ ಸೈಟು, ಐದು ಅಡಿ ಸಾಕಾ ಎಂಟು ಬೇಕಾ ಅಂತ ಕೇಳಿದ್ದೀರಿ. ಮನೆ ಕಟ್ಟುವಾಗ ನಾವೂ ಇದನ್ನೇ ಎಲ್ಲರ ಹತ್ತಿರ ಕೇಳಿದ್ದೆವು. ಕೊನೆಗೆ ಎರೆ ಮಣ್ಣು ದಾಟಿ ಗರಸು, ಅಂದರೆ ಕೆಳಗಿನ ಗಟ್ಟಿ ಹರಳು ಮಣ್ಣು, ಸಿಗುವ ತನಕ ಅಗೆಸಿ, ಅದರ ಮೇಲೆ ಪಾಯ ಕಟ್ಟಿಸಿದೆವು. ಆ ಪಾಯ ಇವತ್ತಿಗೂ ಗಟ್ಟಿಯಾಗಿದೆ. ಆದರೂ ಎರಡನೇ ಮಳೆಗಾಲಕ್ಕೆ ಹಿಂದಿನ ಬಚ್ಚಲಿನ ನೆಲ ಉಬ್ಬಿತು. ಫರ್ಶಿ ಎದ್ದಿತು, ಬಾಗಿಲು ಹಾಕಲು ಬರಲಿಲ್ಲ, ನೆಲದ ಮೇಲೆಯೇ ಕಟ್ಟಿದ್ದ ಅಡ್ಡಗೋಡೆ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು.

ತಪ್ಪು ಪಾಯದ್ದಲ್ಲ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗಲಿ ಅಂತ ಹಿಂದಿನ ಗೋಡೆಯ ಪಕ್ಕದಲ್ಲೇ ನಾನು ತೆಗೆಸಿದ ಗುಂಡಿಯದ್ದು. ಮುಂದಿನ ಜಾಗ ಕೈತೋಟಕ್ಕೆ ಬೇಕಿತ್ತು, ಅದಕ್ಕೇ ಹಿಂದೆ. ನೀರು ಇಂಗುತ್ತದಾ ಅಂತ ನೋಡದೇ ಮಾಡಿದ್ದೂ ಅಲ್ಲ. ಏಪ್ರಿಲ್‌ನಲ್ಲಿ ಗುಂಡಿ ಅಗೆದು ಟ್ಯಾಂಕರ್ ನೀರು ಬಿಟ್ಟೆವು, ನೋಡನೋಡುತ್ತಲೇ ಖಾಲಿಯಾಯಿತು. ಎಲ್ಲರಿಗೂ ಖುಷಿ. ಆದರೆ ಬೇಸಿಗೆಯಲ್ಲಿ ಎರೆ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ, ಅಲ್ವಾ? ಆವತ್ತು ನೀರು ಮಣ್ಣಿನಲ್ಲಿ ಇಂಗಲಿಲ್ಲ, ಬಿರುಕಿನಲ್ಲಿ ಓಡಿಹೋಯಿತು. ಮಳೆ ಬಿದ್ದ ಮೇಲೆ ಬಿರುಕುಗಳು ಮುಚ್ಚಿಕೊಂಡವು. ಆಮೇಲೆ ಆ ಮಣ್ಣು ನೀರನ್ನು ಕೆಳಗೆ ಬಿಡಲೇ ಇಲ್ಲ. ಗುಂಡಿ ತುಂಬಿ ನಿಂತಿತು. ಪಾಯದ ಪಕ್ಕ ಸಡಿಲವಾಗಿ ತುಂಬಿದ್ದ ಮಣ್ಣಿನ ಮೂಲಕ ಆ ನೀರು ನೆಲದ ಅಡಿಗೆ ಹೋಯಿತು. ಗೋಡೆಗಳು ಗರಸಿನ ಮೇಲೆ ನಿಂತಿದ್ದವು, ಆದರೆ ನೆಲದ ಕೆಳಗೆ ಎರೆ ಮಣ್ಣು ಹಾಗೇ ಇತ್ತು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಇರುತ್ತದೆ. ಅದು ತನ್ನ ಪದರಗಳ ನಡುವೆ ನೀರು ಎಳೆದುಕೊಂಡು ಉಬ್ಬುತ್ತದೆ, ಮೇಲಿನ ಭಾರ ಕಡಿಮೆ ಇದ್ದಷ್ಟೂ ಸುಲಭವಾಗಿ ಎತ್ತುತ್ತದೆ. ಬೇಸಿಗೆ ಬಂದಾಗ ಅದೇ ನೆಲ ಕುಸಿದು ಬಿರುಕು ಇನ್ನೂ ಅಗಲವಾಯಿತು. ಕೊನೆಗೆ ನೆಲ ಒಡೆಸಿ, ಅಡಿಯ ಎರೆ ಮಣ್ಣು ತೆಗೆಸಿ, ಗರಸು ತುಂಬಿ ಧಮ್ಮಸು ಮಾಡಿಸಬೇಕಾಯಿತು.

ಹಾಗಾಗಿ ಎಷ್ಟು ಅಡಿ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗರಸು ಎಲ್ಲಿ ಸಿಗುತ್ತದೋ ಅದೇ ಆಳ, ಅದು ಪಕ್ಕದ ಸೈಟಿನಲ್ಲೇ ಬೇರೆ ಇರಬಹುದು. ತುಂಬಾ ಕೆಳಗಿದ್ದರೆ ಅಂಡರ್ ರೀಮ್ಡ್ ಪೈಲ್ ಹಾಕಿಸಿ. ತುದಿಯ ಹತ್ತಿರ ಗಡ್ಡೆಯ ಹಾಗೆ ದಪ್ಪ ಇರುವ ಕಾಂಕ್ರೀಟ್ ಕಂಬ ಅದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ. ಆದರೆ ಇದಕ್ಕಿಂತ ಮೊದಲು ಮನೆಯ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಕಾಗದದ ಮೇಲೆ ಬರೆಯಿರಿ. ಬಚ್ಚಲು, ಟ್ಯಾಂಕು, ಮಾಳಿಗೆಯ ನೀರು, ಗಿಡಕ್ಕೆ ಬಿಡುವ ನೀರು, ಎಲ್ಲವೂ.

ಇಂಗುಗುಂಡಿ ಮನೆಯಿಂದ ಕನಿಷ್ಠ 6 ಮೀಟರ್, ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕು ಅಂತ ಭಾರತೀಯ ಮಾನಕದಲ್ಲೇ ಇದೆ. ಪರೀಕ್ಷೆಯನ್ನು ನನ್ನ ಹಾಗೆ ಒಣ ಮಣ್ಣಿನಲ್ಲಿ ಮಾಡಬೇಡಿ. ಗುಂಡಿಗೆ ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ, ಬೆಳಿಗ್ಗೆ ಮತ್ತೆ ತುಂಬಿ ನೋಡಿ. ಒಂದು ಇಂಚು ಇಳಿಯಲು ಗಂಟೆಗಿಂತ ಜಾಸ್ತಿ ಹಿಡಿದರೆ ಅಲ್ಲಿ ಇಂಗುಗುಂಡಿ ಮಾಡಿಸುವುದು ಸುಮ್ನೆ ದಂಡ. ನಾವು ಆಮೇಲೆ ಸೆಪ್ಟಿಕ್ ಟ್ಯಾಂಕಿನ ನೀರನ್ನು ಮನೆಯಿಂದ ದೂರ, ಇಳಿಜಾರಿನ ಕಡೆ, ಖಡಿ ತುಂಬಿದ ಕಾಲುವೆಗೆ ಬಿಟ್ಟು ಎರಡೂ ಬದಿಗೆ ಬಾಳೆ ಹಾಕಿದೆವು. ನಿಮ್ಮದು ಮೂವತ್ತು ನಲವತ್ತರ ಸೈಟಾಗಿದ್ದರೆ ಇದಕ್ಕೆ ಜಾಗ ಇರುವುದಿಲ್ಲ. ಊರಿನ ಒಳಚರಂಡಿ ಇದ್ದರೆ ಅದಕ್ಕೇ ಸೇರಿಸಿ. ಇಲ್ಲದಿದ್ದರೆ ಸೋರದ ಟ್ಯಾಂಕ್ ಕಟ್ಟಿಸಿ, ಗಾಡಿ ಕರೆಸಿ ಖಾಲಿ ಮಾಡಿಸುವ ಖರ್ಚು ಒಪ್ಪಿಕೊಳ್ಳಿ. ಬಿರುಕು ಬಿಟ್ಟ ಮನೆ ರಿಪೇರಿ ಮಾಡಿಸುವುದು ಅದಕ್ಕಿಂತ ದುಬಾರಿ.

ಕೈತೋಟವನ್ನೂ ಗೋಡೆಗೆ ಅಂಟಿಸಬೇಡಿ. ಮನೆಯ ಸುತ್ತ ಮೂರ್ನಾಲ್ಕು ಅಡಿ ಫರ್ಶಿ ಹಾಕಿಸಿ, ಅದರ ವಾಟ ಹೊರಗೆ ಇರಲಿ. ಬೇವಿನಂಥ ದೊಡ್ಡ ಮರ ಗೋಡೆ ಹತ್ತಿರ ಬೇಡವೇ ಬೇಡ, ಬೇಸಿಗೆಯಲ್ಲಿ ಅದು ನೀರು ಹೀರಿದ ಕಡೆಗೆಲ್ಲ ಮಣ್ಣು ಕುಗ್ಗುತ್ತದೆ. ಧಾರವಾಡದ ಕಡೆಯಿಂದ ಕೆಂಪು ಮಣ್ಣು ತರಿಸಿ ಗುಂಡಿಗೆ ತುಂಬಿದರೆ ಆಯಿತು ಅಂತಾರೆ. ಸುತ್ತ ಎರೆ ಇರುವಾಗ ಆ ಗುಂಡಿಯಲ್ಲೇ ನೀರು ನಿಂತು ಬೇರು ಕೊಳೆಯುತ್ತದೆ, ನಮ್ಮ ಪಪ್ಪಾಯಿ ಹೋಗಿದ್ದೇ ಹಾಗೆ. ಅಗೆಯುವುದರ ಬದಲು ಮಡಿ ಎತ್ತರಿಸಿ, ಗೊಬ್ಬರ ಜಾಸ್ತಿ ಹಾಕಿ.

ಸೈಟಿನ ಅಳತೆ, ಇಳಿಜಾರು ಯಾವ ಕಡೆ, ಊರಿನಲ್ಲಿ ಒಳಚರಂಡಿ ಇದೆಯಾ ಅಂತ ಬರೆಯಿರಿ. ಟ್ಯಾಂಕ್ ಎಲ್ಲಿ ಬರಬೇಕು ಅಂತ ಆಮೇಲೆ ಹೇಳುತ್ತೇನೆ.