ಯಾರು ಪಾಸಾಗುತ್ತಾರೆ ಅಂತ ಮೊದಲೇ ಹೇಳಬಹುದಾ?

ಮುಳಬಾಗಿಲಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಮಗಳು ಎಂ.ಎಸ್. ಜನರಲ್ ಸರ್ಜರಿ ಎರಡನೇ ವರ್ಷದಲ್ಲಿದ್ದಾಳೆ. ವಿಭಾಗದವರು ಸ್ನಾತಕೋತ್ತರ ವೈದ್ಯಕೀಯ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ರ‍್ಯಾಂಕ್ ಮತ್ತು ಇಂಟರ್ನಲ್ ಟೆಸ್ಟ್ ಅಂಕಗಳನ್ನು ಕಂಪ್ಯೂಟರಿಗೆ ಹಾಕಿ, ಫೈನಲ್ ಪರೀಕ್ಷೆಯಲ್ಲಿ ಪಾಸಾಗುವುದು ಡೌಟು ಅನ್ನುವವರ ಪಟ್ಟಿ ಮಾಡಿದ್ದಾರೆ. ಅದನ್ನು ಸೆಮಿನಾರ್ ಹಾಲ್‌ನಲ್ಲಿ ಎಲ್ಲರೆದುರು ಓದಿದರಂತೆ. ಮಗಳ ಹೆಸರೂ ಅದರಲ್ಲಿತ್ತು. “ಅಂಕ ನೋಡಿ ಭವಿಷ್ಯ ಹೇಳುವುದು ಜ್ಯೋತಿಷ್ಯ ಅಲ್ಲದೆ ಮತ್ತೇನು? ಅವಳು ಕೋರ್ಸ್ ಬಿಟ್ಟು ಬೇರೆ ದಾರಿ ನೋಡಿಕೊಳ್ಳಬೇಕಾ? ನಾನೇ ಹೋಗಿ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿಯನ್ನು ಕಾಣಲಾ?” ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮೇಷ್ಟ್ರೇ, ಬಿಡುವುದು ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆದರೆ ಜ್ಯೋತಿಷ್ಯ ಅಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. ಸರ್ವೀಸಿನಲ್ಲಿದ್ದಾಗ ಪ್ರಿಪರೇಟರಿ ಪರೀಕ್ಷೆ ಮುಗಿದ ಕೂಡಲೇ ನೀವೂ ಇಂಥದ್ದೇ ಪಟ್ಟಿ ಮಾಡಿರುತ್ತೀರಿ. ಎಸ್ಸೆಸ್ಸೆಲ್ಸಿ ದಾಟುವುದು ಯಾರಿಗೆ ಕಷ್ಟ ಅಂತ ಗುರುತು ಹಾಕಿಕೊಂಡು, ಒಬ್ಬೊಬ್ಬ ಮೇಷ್ಟ್ರಿಗೆ ಇಷ್ಟಿಷ್ಟು ಮಕ್ಕಳು ಅಂತ ಹಂಚಿ, ಬೆಳಗ್ಗೆ ಸ್ಪೆಷಲ್ ಕ್ಲಾಸ್ ತೆಗೆದುಕೊಂಡಿರುತ್ತೀರಿ. ಆ ಪಟ್ಟಿ ಸುಮ್ನೆ ಬಾಯಿಗೆ ಬಂದ ಹೆಸರುಗಳದ್ದಾಗಿರಲಿಲ್ಲ, ಅಲ್ವಾ?

ಸರ್ಜನ್ನರ ವಿಷಯದಲ್ಲಿ ಈ ಊಹೆಯ ಕೆಲಸ ಜಾಸ್ತಿ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ ಜನರಲ್ ಸರ್ಜರಿ ತರಬೇತಿ ಐದು ವರ್ಷ. ಅಮೆರಿಕನ್ ಬೋರ್ಡ್ ಆಫ್ ಸರ್ಜರಿ 1975ರಿಂದ ಪ್ರತಿ ವರ್ಷ ತರಬೇತಿಯಲ್ಲಿರುವವರಿಗೆ ‘ಆ್ಯಬ್‌ಸೈಟ್’ ಅನ್ನುವ ಪರೀಕ್ಷೆ ಕೊಡುತ್ತಿದೆ. ಇದು ಪಾಸು ಫೇಲಿನ ಪರೀಕ್ಷೆ ಅಲ್ಲ. ಯಾರ ಓದು ಎಲ್ಲಿಗೆ ಬಂದಿದೆ ಅಂತ ನೋಡುವುದಕ್ಕೆ ಇರುವುದು. ತರಬೇತಿ ಮುಗಿದ ಮೇಲೆ ಬೋರ್ಡಿನ ನಿಜವಾದ ಪರೀಕ್ಷೆ. ಮೊದಲು ಪ್ರಶ್ನೆಪತ್ರಿಕೆಯದ್ದು, ಅದು ಪಾಸಾದರೆ ಪರೀಕ್ಷಕರ ಎದುರು ಕೂತು ಉತ್ತರ ಹೇಳುವುದು. ಅಲ್ಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದ್ದು ಇಷ್ಟು: ಆ್ಯಬ್‌ಸೈಟ್‌ನಲ್ಲಿ ತೀರಾ ಕೆಳಗಿರುವವರು ಬೋರ್ಡಿನ ಪ್ರಶ್ನೆಪತ್ರಿಕೆಯಲ್ಲಿ ಮೊದಲ ಸಲ ಎಡವುವುದು ಜಾಸ್ತಿ. ಎದುರು ಕೂತು ಉತ್ತರಿಸುವ ಪರೀಕ್ಷೆಗೆ ಬಂದರೆ ಈ ನಂಟು ಸಡಿಲವಾಗುತ್ತದೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ಒಂದು ಪರೀಕ್ಷೆ ಅದೇ ಜಾತಿಯ ಇನ್ನೊಂದು ಪರೀಕ್ಷೆಯನ್ನು ಚೆನ್ನಾಗಿ ಊಹಿಸುತ್ತದೆ. ಬೇರೆ ಜಾತಿಯದ್ದನ್ನು ಅಷ್ಟಕ್ಕಷ್ಟೇ.

ಈಗ ನಮ್ಮ ಎಂ.ಎಸ್. ನೋಡಿ. ಮೂರು ವರ್ಷ ಆದ ಮೇಲೆ ನೂರು ನೂರು ಅಂಕದ ನಾಲ್ಕು ಥಿಯರಿ ಪೇಪರ್, ಕೈನೋಯುವಷ್ಟು ಬರೆಯಬೇಕು. ಆಮೇಲೆ ಕ್ಲಿನಿಕಲ್ಸ್, ಅಂದರೆ ರೋಗಿಯನ್ನು ನೋಡಿ ಪರೀಕ್ಷಕರಿಗೆ ವಿವರಿಸುವುದು: ಒಂದು ಲಾಂಗ್ ಕೇಸ್, ಕೆಲವು ಶಾರ್ಟ್ ಕೇಸ್, ಅದಾದ ಮೇಲೆ ಎಕ್ಸ್‌ರೇ, ಇನ್‌ಸ್ಟ್ರುಮೆಂಟು, ಸ್ಪೆಸಿಮೆನ್ ಮುಂದಿಟ್ಟುಕೊಂಡು ವೈವಾ. ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಇದರ ಪಕ್ಕದಲ್ಲಿ ನೀಟ್ ಪಿಜಿಯನ್ನು ಇಡಿ. ಇನ್ನೂರು ಪ್ರಶ್ನೆ, ಸರಿ ಉತ್ತರದ ಮೇಲೆ ಕ್ಲಿಕ್ ಮಾಡಿದರೆ ಮುಗಿಯಿತು. ಅಲ್ಲಿ ಒಂದು ಸಾಲು ಬರೆಯುವುದಿಲ್ಲ, ಒಬ್ಬ ರೋಗಿಯ ಹೊಟ್ಟೆ ಮುಟ್ಟುವುದಿಲ್ಲ.

ರ‍್ಯಾಂಕಿನದ್ದು ಇನ್ನೂ ಒಂದು ತೊಡಕಿದೆ. ಒಂದು ಕಾಲೇಜಿನಲ್ಲಿ ಸರ್ಜರಿ ಸೀಟು ಸಿಕ್ಕವರ ರ‍್ಯಾಂಕುಗಳು ಸಾಮಾನ್ಯವಾಗಿ ಅಕ್ಕಪಕ್ಕದವೇ. ಮೊದಲೇ ಸೋಸಿ ತೆಗೆದ ಗುಂಪು ಅದು. ಅವರೊಳಗೆ ಆ ಸಣ್ಣ ವ್ಯತ್ಯಾಸ ಹಿಡಿದುಕೊಂಡು ಮೂರು ವರ್ಷದ ಆಚೆಗಿನ ಫಲಿತಾಂಶ ಹೇಳುತ್ತೇನೆ ಅಂದರೆ ನಾನು ನಂಬುವುದಿಲ್ಲ. (2023ರಲ್ಲಿ ನೀಟ್ ಪಿಜಿ ಕಟಾಫನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು, ನೆನಪಿದೆಯಾ? ಸರ್ಕಾರವೇ ಆ ಅಂಕಕ್ಕೆ ಕೊಡುವ ಬೆಲೆ ಒಮ್ಮೊಮ್ಮೆ ಹೀಗಿರುತ್ತದೆ.) ಆದ್ದರಿಂದ ಆ ಪಟ್ಟಿಯಲ್ಲಿ ರ‍್ಯಾಂಕಿನ ಪಾಲನ್ನು ಮರೆತುಬಿಡಿ. ಇಂಟರ್ನಲ್ ಟೆಸ್ಟಿನ ಪಾಲನ್ನು ಮಾತ್ರ ಮರೆಯಬೇಡಿ, ಅದು ಫೈನಲ್ ಪರೀಕ್ಷೆಯ ಜಾತಿಗೆ ಹತ್ತಿರದ್ದು.

ಇನ್ನು ಲೆಕ್ಕ. ನೀವು ಯಾವ ಸಬ್ಜೆಕ್ಟ್ ಹೇಳುತ್ತಿದ್ದಿರೋ ಬರೆದಿಲ್ಲ, ಆದರೆ ಈ ಲೆಕ್ಕಕ್ಕೆ ಏಳನೇ ಕ್ಲಾಸಿನ ಗಣಿತ ಸಾಕು. ನೂರು ಜನ ಪರೀಕ್ಷೆಗೆ ಕೂತರು, ಹತ್ತು ಜನ ಫೇಲಾಗುವವರಿದ್ದಾರೆ ಅಂದುಕೊಳ್ಳಿ. ಯಾರೋ ಒಬ್ಬ ಕಣ್ಣುಮುಚ್ಚಿ ‘ಎಲ್ಲರೂ ಪಾಸು’ ಅಂದರೂ ಅವನ ಮಾತು ನೂರಕ್ಕೆ 90 ನಿಜವಾಗುತ್ತದೆ. ಹಾಗಾಗಿ ‘ನಮ್ಮ ಕಂಪ್ಯೂಟರ್ ನೂರಕ್ಕೆ 90 ಸರಿ ಹೇಳುತ್ತದೆ’ ಅಂತ ಯಾರಾದರೂ ಅಂದರೆ ಬೆರಗಾಗಬೇಡಿ.

ಈಗ ಒಳ್ಳೆಯ ಸೂತ್ರವನ್ನೇ ತೆಗೆದುಕೊಳ್ಳೋಣ. ಫೇಲಾಗುವ ಹತ್ತರಲ್ಲಿ ಎಂಟು ಜನರನ್ನು ಅದು ಹಿಡಿಯುತ್ತದೆ. ಪಾಸಾಗುವ 90 ಜನರಲ್ಲಿ ಐದಕ್ಕೊಬ್ಬರ ಮೇಲೆ ಮಾತ್ರ ತಪ್ಪಾಗಿ ಅನುಮಾನ ಪಡುತ್ತದೆ, ಅಂದರೆ 18 ಜನ. ಒಟ್ಟು ಪಟ್ಟಿಗೆ ಬಂದವರು 26. ಅವರಲ್ಲಿ ಫೇಲಾಗುವವರು ಎಂಟು, ಪಾಸಾಗುವವರು 18! ಪಟ್ಟಿಯಲ್ಲಿರುವ ಮೂವರಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಪಾಸಾಗುವವರೇ. ಪಟ್ಟಿಯ ಹೊರಗಿರುವ 74 ಜನರಲ್ಲಿ ಇಬ್ಬರು ಫೇಲು, ಅವರ ಮೇಲೆ ಯಾರ ಕಣ್ಣೂ ಇಲ್ಲ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಓದಿ, ಇಲ್ಲದಿದ್ದರೆ ನಾನು ನಿಮಗೆ ಬರೀ ಸಮಾಧಾನ ಹೇಳಿದ ಹಾಗಾಗುತ್ತದೆ. ಪಟ್ಟಿಯಲ್ಲಿದ್ದವರಿಗೆ ಫೇಲಾಗುವ ಅಪಾಯ ಹೊರಗಿದ್ದವರ ಅಪಾಯದ ಹತ್ತು ಪಟ್ಟು ದಾಟುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಇದು ನೂರು ಜನರ ಮಾತು. ಒಂದು ಸರ್ಜರಿ ವಿಭಾಗಕ್ಕೆ ವರ್ಷಕ್ಕೆ ಬರುವ ಪಿಜಿಗಳು ಬೆರಳೆಣಿಕೆಯಷ್ಟು. ಅವರಲ್ಲಿ ಫೇಲಾದವರು ಇನ್ನೂ ಕಡಿಮೆ. ಅಷ್ಟು ಕಡಿಮೆ ಜನರನ್ನು ನೋಡಿ ಕಲಿತ ಕಂಪ್ಯೂಟರ್ ಏನು ತಾನೇ ಕಲಿತಿರುತ್ತದೆ? ಹಾಗಂತ ಕಂಪ್ಯೂಟರ್ ಬೇಡ, ಹಿರಿಯ ಪ್ರೊಫೆಸರ ಅನುಭವದ ಕಣ್ಣೇ ಸಾಕು ಅಂತಲೂ ನಾನು ಹೇಳಲಾರೆ. ಪಾಲ್ ಮೀಲ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1954ರಲ್ಲೇ ತಜ್ಞರ ಊಹೆಯನ್ನೂ ಸರಳ ಲೆಕ್ಕದ ಊಹೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರು. ಲೆಕ್ಕವೇ ಹೆಚ್ಚಾಗಿ ಸಮ ಬಂತು, ಇಲ್ಲವೇ ಮೇಲಾಯಿತು. ‘ಇವಳ ಮುಖ ನೋಡಿದರೇ ಗೊತ್ತಾಗುತ್ತೆ’ ಅನ್ನುವ ಮೇಷ್ಟ್ರಿಗಿಂತ ಅಂಕದ ಪುಸ್ತಕ ವಾಸಿ.

ನನಗೆ ಸಿಟ್ಟು ಬಂದಿದ್ದು ಪಟ್ಟಿ ಮಾಡಿದ್ದಕ್ಕಲ್ಲ, ಎಲ್ಲರೆದುರು ಓದಿದ್ದಕ್ಕೆ. ಸರ್ಜರಿ ಕಲಿಯುವುದು ಕೈಯಿಂದ. ಯಾರಿಗೆ ಯಾವ ಕೇಸ್ ಸಿಗಬೇಕು, ಹರ್ನಿಯಾದಲ್ಲಿ ಯಾರು ಅಸಿಸ್ಟ್ ಮಾಡಬೇಕು, ಯಾರು ಬರೀ ರಿಟ್ರಾಕ್ಟರ್ (ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ಸಾಧನ) ಹಿಡಿಯಬೇಕು ಅಂತ ನಿರ್ಧರಿಸುವವರು ಅದೇ ಹಾಲ್‌ನಲ್ಲಿ ಕೂತಿದ್ದರು. ‘ಡೌಟು’ ಅನ್ನಿಸಿಕೊಂಡವಳಿಗೆ ನಾಳೆಯಿಂದ ಕೇಸ್ ಕಡಿಮೆಯಾದರೆ, ಕೊನೆಗೆ ಅವಳು ಎಡವಿದರೆ, ‘ನೋಡಿ, ನಾವು ಹೇಳಿರಲಿಲ್ವಾ’ ಅನ್ನುತ್ತಾರೆ. ನಿಮ್ಮ ಸ್ಕೂಲಿನ ಪಟ್ಟಿ ನಡೆಯುತ್ತಿದ್ದದ್ದು ಇದಕ್ಕೆ ಉಲ್ಟಾ. ಪಟ್ಟಿಯಲ್ಲಿದ್ದ ಹುಡುಗ ಪಾಸಾಗಿ ನಿಮ್ಮ ಊಹೆ ಸುಳ್ಳಾದಾಗ ನೀವು ಖುಷಿಪಟ್ಟಿರುತ್ತೀರಿ.

ಅಂಕದಲ್ಲಿ ಕಾಣದ್ದೂ ಬಹಳ ಇದೆ. 2013ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬೊಜ್ಜಿನ ಆಪರೇಷನ್ ಮಾಡುವ 20 ಸರ್ಜನ್ನರ ಕೆಲಸದ ವಿಡಿಯೋಗಳನ್ನು ಬೇರೆ ಸರ್ಜನ್ನರಿಗೆ ತೋರಿಸಿ, ಇದು ಯಾರ ಕೈ ಅಂತ ಹೇಳದೆ ಅಂಕ ಹಾಕಿಸಿದರು. ಕೈಚಳಕದಲ್ಲಿ ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ನೂರಕ್ಕೆ 14ಕ್ಕೂ ಹೆಚ್ಚು ಜನರಿಗೆ ಆಪರೇಷನ್ ನಂತರ ತೊಂದರೆಯಾಗಿತ್ತು. ಮೇಲಿನ ಕಾಲು ಭಾಗದವರಲ್ಲಿ ಸುಮಾರು ಐದು. ಅವರೆಲ್ಲ ಓದು ಮುಗಿಸಿ ಕೆಲಸದಲ್ಲಿದ್ದವರೇ.

ಮಗಳಿಗೆ ಒಂದು ಅನುಕೂಲ ಇದೆ, ಅದನ್ನು ಅವಳು ಗಮನಿಸಿದ್ದಾಳೋ ಇಲ್ಲವೋ. ಪರೀಕ್ಷೆಯಲ್ಲಿ ಇಡುವ ಕೇಸುಗಳು ನಮ್ಮ ಕೋಲಾರದ ಕಡೆಯ ವಾರ್ಡುಗಳಲ್ಲಿ ದಿನವೂ ಮಲಗಿರುತ್ತವೆ. ಶುಗರ್‌ನಿಂದ ಕಾಲು ಹುಣ್ಣಾದವರು, ಹರ್ನಿಯಾ, ಥೈರಾಯಿಡ್ ಗಡ್ಡೆ, ಬೀಡಿ ಸೇದಿ ಸೇದಿ ಬೆರಳು ಕಪ್ಪಾದವರು, ಕಡ್ಡಿಪುಡಿ ಹಾಕಿಕೊಂಡು ಬಾಯಿ ಕ್ಯಾನ್ಸರ್ ಆದ ಹೆಂಗಸರು. ಅವರ ಹತ್ತಿರ ಕನ್ನಡದಲ್ಲೋ ತೆಲುಗಿನಲ್ಲೋ ಕೂತು ಮಾತಾಡಿಸಿ ಕಾಯಿಲೆಯ ಕತೆ ಹೊರಗೆ ತೆಗೆಯುವುದು ನಿಮ್ಮ ಮಗಳಂಥವರಿಗೆ ಸಲೀಸು. ಅದನ್ನೇ ಪರೀಕ್ಷಕರ ಮುಂದೆ ತಡವರಿಸದೆ ಇಂಗ್ಲಿಷಿನಲ್ಲಿ ಒಪ್ಪಿಸುವಾಗ ಕೆಲವರು ಸೋಲುತ್ತಾರೆ. ಇದಕ್ಕೆ ಓದು ಜಾಸ್ತಿ ಮಾಡಿ ಪ್ರಯೋಜನವಿಲ್ಲ. ದಿನಕ್ಕೊಂದು ಕೇಸನ್ನು ಸೀನಿಯರ್ ಎದುರು ಬಾಯಿಬಿಟ್ಟು ಹೇಳಬೇಕು. ಥಿಯರಿಗಾದರೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿಕೊಂಡು, ಪೆನ್ನಿನಲ್ಲೇ ಬರೆಯಬೇಕು. ಮೊಬೈಲಿನಲ್ಲಿ ಎಂಸಿಕ್ಯೂ ಒತ್ತಿ ಒತ್ತಿ ಈ ಮಕ್ಕಳಿಗೆ ಮೂರು ಗಂಟೆ ಬರೆಯುವ ರೂಢಿಯೇ ತಪ್ಪಿದೆ.

ಕೊನೆಗೆ, ಎಚ್‌ಒಡಿಯನ್ನು ನೀವು ಕಾಣುವುದು ಬೇಡ. ಅವಳು ಡಾಕ್ಟರು, ಅವಳೇ ಹೋಗಲಿ. ಪಟ್ಟಿಯ ಬಗ್ಗೆ ಜಗಳ ತೆಗೆಯದೆ ಇಷ್ಟು ಕೇಳಲಿ: ಸರ್, ನನ್ನ ಅಂಕ ಹೋಗಿದ್ದು ಥಿಯರಿಯಲ್ಲೋ, ಕೇಸ್ ಪ್ರೆಸೆಂಟೇಶನ್ನಿನಲ್ಲೋ? ಆ ಟೆಸ್ಟುಗಳ ಹಿಂದಿನ ರಾತ್ರಿ ನಾನು ಎಮರ್ಜೆನ್ಸಿ ಡ್ಯೂಟಿಯಲ್ಲಿದ್ದೆನಾ ಅಂತ ರೋಸ್ಟರ್ ನೋಡಬಹುದಾ? ವಾರಕ್ಕೊಮ್ಮೆ ನನ್ನ ಕೇಸ್ ಕೇಳುವುದಕ್ಕೆ ಯೂನಿಟ್‌ನಲ್ಲಿ ಯಾರನ್ನು ಗೊತ್ತುಮಾಡುತ್ತೀರಿ? ಮೂರನೆಯದಕ್ಕೆ ಒಬ್ಬರ ಹೆಸರು ಸಿಗುವ ತನಕ ಅವಳು ಆ ರೂಮಿನಿಂದ ಎದ್ದು ಬರಬಾರದು.